ಗ್ಯಾರೇಜಿನಲ್ಲಿ ಹೊಲಿದ ದೋಣಿ

ಐಕಿಯಾ ಕಪಾಟು ಜೋಡಿಸೋಕೆ ಬಂದರೆ ದೋಣಿ ಕಟ್ಟೋಕೂ ಬರುತ್ತೆ ಅಂತ ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಚಪ್ಪಟೆ ಡಬ್ಬ ಬರುವುದು, ಅದರೊಳಗೆ ನಂಬರ್ ಹಾಕಿದ ಹಲಗೆಗಳಿರುವುದು, ಜೊತೆಗೊಂದು ಚಿತ್ರಗಳ ಪುಸ್ತಕ ಇರುವುದು, ಅಲ್ಲಿವರೆಗೆ ಎರಡೂ ಒಂದೇ. ಕಪಾಟಿನ ಬಾಗಿಲು ಸ್ವಲ್ಪ ವಾರೆಯಾದರೂ ಬಟ್ಟೆ ಒಳಗೇ ಇರುತ್ತೆ, ಪ್ರಪಂಚ ಮುಳುಗಲ್ಲ. ದೋಣಿ ವಿಷಯ ಹಾಗಲ್ಲ. ಅದರೊಳಗೆ ಕೂರೋದು ನೀವು.

ಈ ಅಂಕಣದಲ್ಲಿ ಸಾಮಾನ್ಯವಾಗಿ ವೀಸಾ, ಮಕ್ಕಳ ಸ್ಕೂಲು, ಇಲ್ಲಿ ಸುಲಭಕ್ಕೆ ಸಿಗದ ಕುಚ್ಚಲಕ್ಕಿ ಇಂಥದ್ದನ್ನೇ ಬರೆಯುತ್ತಿರುತ್ತೇನೆ. ಈ ಸಲ ದೋಣಿ. ಹೋದ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೇರಿಲ್ಯಾಂಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇರಲಿಲ್ಲ. ಎಂಟಡಿಗೆ ಸ್ವಲ್ಪ ಕಡಿಮೆ ಉದ್ದದ, ಮುಂದೆಯೂ ಚೂಪಾಗಿರದೆ ಮೊಂಡಾಗಿರುವ, ಇಬ್ಬರು ಹೊತ್ತು ಕಾರಿನ ಮೇಲಿಡಬಹುದಾದ ಮರದ ದೋಣಿಯೊಂದು ಅಲ್ಲಿ ತಯಾರಾಗ್ತಿತ್ತು. ಈ ಮೊಂಡು ಮೂಗಿನ ಜಾತಿಗೆ ಇಲ್ಲಿ ಪ್ರ್ಯಾಮ್ ಅಂತಾರೆ. ಕಿಟ್ ಕೊಟ್ಟ ಕಂಪನಿಯ ಹೆಸರು ಬೇಡ, ಇದು ಜಾಹೀರಾತಲ್ಲ.

ಕಿಟ್ ತರಿಸಿದ್ದು ನಾನು, ಅದರ ಹಿಂದಿನ ಚಳಿಗಾಲದಲ್ಲಿ. ಚೆಸಪೀಕ್ ಕೊಲ್ಲಿಯಿಂದ ಅರ್ಧ ಗಂಟೆ ದೂರದಲ್ಲಿ ಮನೆ ಇಟ್ಟುಕೊಂಡು ನೀರನ್ನು ಬರೀ ಸೇತುವೆ ಮೇಲಿಂದ ನೋಡೋದು ಅನ್ಯಾಯ ಅನಿಸಿತ್ತು. ಸುಮಾರು 320 ಕಿಲೋಮೀಟರ್ ಉದ್ದದ ಕೊಲ್ಲಿ ಅದು, ಸರಾಸರಿ ಆಳ ಮಾತ್ರ ಆರೂವರೆ ಮೀಟರಿಗೂ ಕಡಿಮೆ. ಕೈಬೆರಳಿನ ಹಾಗೆ ಊರೂರೊಳಗೆ ನುಗ್ಗಿರುವ ಅದರ ಕಿರುಹೊಳೆಗಳು ಸಣ್ಣ ದೋಣಿಗೆ ಹೇಳಿ ಮಾಡಿಸಿದಂತಿವೆ. ಆದರೆ ಆ ಚಳಿಗಾಲದಲ್ಲೇ ಊರಲ್ಲಿ ಅಮ್ಮ ತೀರಿಕೊಂಡರು. ಹೋಗಿ ಬಂದೆ. ಡಬ್ಬ ಗೋಡೆಗೆ ಒರಗಿದ್ದಲ್ಲೇ ಇತ್ತು.

ಏಪ್ರಿಲ್‌ನಲ್ಲಿ ಅಪ್ಪ ಬಂದರು. ವಯಸ್ಸು 72, ಗಂಗೊಳ್ಳಿಯವರು, ಬ್ಯಾಂಕಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. (ಕರಾವಳಿಯಲ್ಲಿ ಪ್ರತಿ ಮನೆಗೊಬ್ಬ ಬ್ಯಾಂಕಿನವನು ಇರಲೇಬೇಕು ಅನ್ನೋದು ನಿಯಮ.) ವಿಮಾನ ನಿಲ್ದಾಣದಲ್ಲಿ ಆರು ತಿಂಗಳ ಸೀಲು ಬಿತ್ತು, ವಾಪಸ್ ಟಿಕೆಟ್ ಅಕ್ಟೋಬರ್ 11ಕ್ಕೆ. ಅಪ್ಪ ಅಮ್ಮಂದಿರನ್ನು ಇಲ್ಲಿಗೆ ಕರೆಸಿಕೊಂಡವರಿಗೆ ಆಮೇಲಿನದು ಗೊತ್ತಿರುತ್ತೆ. ಡ್ರೈವಿಂಗ್ ಇಲ್ಲ, ಬಸ್ಸಿಲ್ಲ, ಬೀದಿಯಲ್ಲಿ ಮನುಷ್ಯರಿಲ್ಲ. ಬೆಳಿಗ್ಗೆ ಒಂದು ವಾಕ್, ಆಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ, ಮಧ್ಯಾಹ್ನ ನಾವೆಲ್ಲ ಮೀಟಿಂಗಿನಲ್ಲಿದ್ದಾಗ ಒಬ್ಬರೇ ಊಟ. ನಾನು ಇಲ್ಲೇ ಇದ್ದುಬಿಡಿ ಅಂತ ಹೇಳೋಕೆ ಸಮಯ ಹುಡುಕ್ತಾ ಇದ್ದೆ, ಅವರು ಅದು ಬರದ ಹಾಗೆ ಮಾತು ತಿರುಗಿಸ್ತಾ ಇದ್ದರು.

ಎರಡನೇ ವಾರ ಅವರೇ ಡಬ್ಬ ನೋಡಿ ಕೇಳಿದರು, ಇದೇನು ಅಂತ. ದೋಣಿ ಅಂದೆ. ಅಪ್ಪ ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದ್ ಎಂ.ಟಿ.ಆರ್. ಜಾಮೂನು ಮಿಕ್ಸ್ ಇದ್ದಾಂಗಾ?" ಅಂದರು.

ಹೌದು, ಹೆಚ್ಚುಕಮ್ಮಿ ಹಾಗೇ. ಆದರೆ ಜಾಮೂನು ಮಿಕ್ಸ್ ತಂದ ಮಾತ್ರಕ್ಕೆ ಜಾಮೂನು ಒಡೆಯದೆ ಬರುತ್ತೆ ಅಂತೇನೂ ಇಲ್ಲವಲ್ಲ!

ಈ ಕಿಟ್ ದೋಣಿಗಳ ಹಿಂದೆ ಒಂದು ಒಳ್ಳೇ ಕಥೆ ಇದೆ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅನ್ನೋ ದೋಣಿ ತಯಾರಕ, ಮಕ್ಕಳು ಅಪ್ಪನ ಜೊತೆ ಸೇರಿ ಮನೆಯಲ್ಲೇ ಕಟ್ಟಬಹುದಾದ ಅಗ್ಗದ ಹಾಯಿದೋಣಿಯೊಂದನ್ನು ಪ್ಲೈವುಡ್ ಹಾಳೆಗಳ ಅಳತೆಗೆ ಹೊಂದುವಂತೆ ವಿನ್ಯಾಸ ಮಾಡಿದ. ಅದೇ ಆಪ್ಟಿಮಿಸ್ಟ್. ಇವತ್ತಿಗೂ ಜಗತ್ತಿನ ಬಹುಪಾಲು ಸೇಲಿಂಗ್ ಕ್ಲಬ್ಬುಗಳಲ್ಲಿ ಮಕ್ಕಳು ಮೊದಲು ಹತ್ತುವ ದೋಣಿ ಅದು. ಇನ್ನೂ ದೊಡ್ಡ ಸಂಗತಿ ನಡೆದದ್ದು 1963ರಲ್ಲಿ, ಇಂಗ್ಲೆಂಡಿನಲ್ಲಿ. ಟೀವಿಯಲ್ಲಿ ಮನೆ ರಿಪೇರಿ ಹೇಳಿಕೊಡ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಗಾರ ಜ್ಯಾಕ್ ಹೋಲ್ಟ್ ಸೇರಿ ಡೈಲಿ ಮಿರರ್ ಪತ್ರಿಕೆಗಾಗಿ ಹತ್ತಡಿ ಹತ್ತಿಂಚಿನ ಒಂದು ದೋಣಿ ಮಾಡಿದರು. ಹೆಸರೂ ಮಿರರ್ರೇ, ಹಾಯಿ ಕೆಂಪು. ನಮ್ಮಲ್ಲಿ ಪತ್ರಿಕೆಗಳು ವರ್ಷಕ್ಕೊಂದು ಕ್ಯಾಲೆಂಡರ್ ಕೊಟ್ಟರೆ ಹೆಚ್ಚು, ಅಲ್ಲಿ ದೋಣಿ! ಕಿಟ್ ತರಿಸಿಕೊಂಡ ಜನ ಗ್ಯಾರೇಜಿನಲ್ಲಿ, ಹಿತ್ತಲ ಶೆಡ್ಡಿನಲ್ಲಿ ಕಟ್ಟಿದರು. ಅಂಥ 70,000ಕ್ಕೂ ಹೆಚ್ಚು ದೋಣಿಗಳು ನೀರಿಗಿಳಿದಿವೆ.

ಅದಕ್ಕೂ ಮುಂಚೆ ದೋಣಿ ಅಂದರೆ ಕುಶಲಿಗಳ ಸೊತ್ತು. ಮೊದಲು ಪಕ್ಕೆಲುಬಿನಂಥ ಚೌಕಟ್ಟು ನಿಲ್ಲಿಸಬೇಕು, ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಬೇಕು, ಒಂದೊಂದು ಹಲಗೆಯನ್ನೂ ಪಕ್ಕದ್ದಕ್ಕೆ ಕೂರುವ ಹಾಗೆ ಹೆರೆಯಬೇಕು. ಮಿರರ್ ದೋಣಿಯವರು ಮಾಡಿದ್ದು ಏನೆಂದರೆ, ಕೆನ್ ಲಿಟಲ್‌ಡೈಕ್ ಎಂಬಾತ ಪುಟ್ಟ ಕಯಾಕ್‌ಗಳಿಗೆ ಬಳಸ್ತಿದ್ದ ಒಂದು ವಿಧಾನವನ್ನು ಮನೆಮನೆಗೆ ತಲುಪಿಸಿದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟಿಚ್ ಅಂಡ್ ಗ್ಲೂ ಅಂತಾರೆ. ಹೊಲಿ, ಅಂಟಿಸು. ಅಷ್ಟೇ.

ಬ್ಲೌಸ್ ಹೊಲಿಯೋದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಚಪ್ಪಟೆ ಬಟ್ಟೆಯನ್ನು ಒಂದು ಲೆಕ್ಕದ ಬಾಗಿನಲ್ಲಿ ಕತ್ತರಿಸಿ ಅಂಚಿಗೆ ಅಂಚು ಹೊಲಿದರೆ ಅದು ಚಪ್ಪಟೆಯಾಗಿ ಉಳಿಯೋಕೇ ಆಗಲ್ಲ, ಉಬ್ಬಲೇಬೇಕು. ಪ್ಲೈವುಡ್ಡೂ ಹಾಗೇ. ಎರಡು ಹಲಗೆಗಳ ಅಂಚುಗಳಿಗೆ ಬೇರೆ ಬೇರೆ ಬಾಗು ಕೊಟ್ಟು ಕತ್ತರಿಸಿರುತ್ತಾರೆ. ಅಂಚಿನುದ್ದಕ್ಕೂ ಸಣ್ಣ ತೂತು, ತೂತಿನೊಳಗೆ ತಾಮ್ರದ ತಂತಿ, ಇಕ್ಕಳದಿಂದ ತಿರುಚಿ ಬಿಗಿ ಮಾಡ್ತಾ ಹೋದರೆ ಹಲಗೆಗಳಿಗೆ ಬಗ್ಗದೆ ಬೇರೆ ದಾರಿಯಿಲ್ಲ. ಅಚ್ಚು ಬೇಡ, ಚೌಕಟ್ಟು ಬೇಡ. ಆಕಾರವೆಲ್ಲ ಆ ಕತ್ತರಿಸಿದ ಗೆರೆಯಲ್ಲೇ ಇರುತ್ತೆ. ಈಗ ಆ ಗೆರೆಯನ್ನು ಕಂಪ್ಯೂಟರ್ ಎಳೆಯುತ್ತೆ, ಯಂತ್ರ ಕತ್ತರಿಸುತ್ತೆ. ಕಿಟ್‌ನಲ್ಲಿ ನೀವು ದುಡ್ಡು ಕೊಡೋದು ಮರಕ್ಕಲ್ಲ, ಆ ಗೆರೆಗೆ.

ಮರದ ಬಗ್ಗೆಯೂ ಒಂದು ಮಾತು. ನಮ್ಮ ಹಲಗೆಗಳು ಒಕುಮೆ ಅನ್ನೋ ಮರದ ಮರೈನ್ ಪ್ಲೈ, ಮಧ್ಯ ಆಫ್ರಿಕಾದ ಗಬಾನ್ ಕಡೆಯ ಮರ, ಹಗುರ, ತಿಳಿ ಗುಲಾಬಿ ಬಣ್ಣ. ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿಗೆ ಅಡುಗೆಮನೆ ಮಾಡಿಸಿದವರು ಇಂಟೀರಿಯರ್ಸ್‌ನವನ ಬಾಯಲ್ಲಿ "ಸರ್, ಸೆವೆನ್ ಟೆನ್ ಗ್ರೇಡ್ ಹಾಕೋಣ" ಅಂತ ಕೇಳಿರ್ತೀರಿ. ಆ 710 ಅನ್ನೋದು ನಮ್ಮ ದೇಶದ ಮರೈನ್ ಪ್ಲೈವುಡ್ಡಿನ ಮಾನಕದ ನಂಬರು. ಅಂದರೆ ನಿಮ್ಮ ಸಿಂಕಿನ ಕೆಳಗಿರೋದು ದೋಣಿಯ ಮರದ ದಾಯಾದಿಯೇ.

ಮೇ ಮೂರನೇ ವಾರ ನಾವು ಹೊಲಿಗೆಗೆ ಕೂತೆವು. ಅದಕ್ಕೂ ಮೊದಲು ಮಾಡಬಹುದಿತ್ತು ಅಂತಲ್ಲ. ಉದ್ದದ ಹಲಗೆಗಳು ಎರಡೆರಡು ತುಂಡಾಗಿ ಬಂದಿದ್ದವು, ಅವನ್ನು ಮಕ್ಕಳ ಜಿಗ್‌ಸಾ ಪಝಲ್ ತರಹದ ಹಲ್ಲುಗಳಿಂದ ಕೂಡಿಸಿ ಎಪಾಕ್ಸಿ ಹಾಕಿ ಅಂಟಿಸಬೇಕು. ಮೇರಿಲ್ಯಾಂಡಿನ ಏಪ್ರಿಲ್ ರಾತ್ರಿ ಇನ್ನೂ ಸ್ವೆಟರ್ ಕಾಲ, ಗ್ಯಾರೇಜಿನೊಳಗೆ ಹತ್ತು ಡಿಗ್ರಿ. 15 ಡಿಗ್ರಿಗಿಂತ ಕೆಳಗೆ ನಮ್ಮ ಎಪಾಕ್ಸಿ ಗಟ್ಟಿಯಾಗೋಕೆ ಮನಸ್ಸೇ ಮಾಡ್ತಿರಲಿಲ್ಲ. ಹಾಗಾಗಿ ಕಾದೆವು. ಅಪ್ಪ ಕ್ಯಾಲೆಂಡರ್ ನೋಡ್ತಿದ್ದರು, ನಾನು ಥರ್ಮಾಮೀಟರ್ ನೋಡ್ತಿದ್ದೆ.

ಹೊಲಿಗೆಯ ದಿನ ಇಬ್ಬರೇ. ನಾನು ಹೊರಗಿನಿಂದ ತಂತಿ ತೂರಿಸೋದು, ಅಪ್ಪ ಒಳಗಿನಿಂದ ಎಳೆದು ವಾಪಸ್ ಕೊಡೋದು. ನೂರಾರು ಹೊಲಿಗೆ. ಮೊದಲ ಒಂದು ಗಂಟೆ ಅದು ದೋಣಿ ಅಂತ ಅನಿಸೋದೇ ಇಲ್ಲ, ಗಾಳಿಗೆ ಬಿದ್ದ ಮಾಡಿನ ಶೀಟುಗಳ ತರ ಒಂದರ ಮೇಲೊಂದು ಕಳಚಿಕೊಂಡು ಕೂತಿರುತ್ತೆ. ಆಮೇಲೆ ಒಂದು ತಂತಿ ಬಿಗಿ ಮಾಡ್ತೀರಿ, ಇಡೀ ಪಕ್ಕ ಎದ್ದು ನಿಲ್ಲುತ್ತೆ. ಸುಮ್ಮನೆ ಹೇಳ್ತಿಲ್ಲ, ನಿಜವಾಗಿ ಸದ್ದು ಮಾಡಿಕೊಂಡು ನಿಲ್ಲುತ್ತೆ. ಸಂಜೆಯೊಳಗೆ ಗ್ಯಾರೇಜಿನಲ್ಲಿ ಒಂದು ದೋಣಿ ಇತ್ತು, ಮೈತುಂಬ ತಂತಿಯ ಮುಳ್ಳು ಎದ್ದ ಮುಳ್ಳುಹಂದಿಯ ಹಾಗೆ.

ಅಪ್ಪ ಹಿಂದೆ ಸರಿದು ನೋಡಿ, "ಇದ್ ಹೊಲ್ಗಿ ದೋಣಿ ಅಲ್ದಾ ಮಾರಾಯ!" ಅಂದರು.

ಅವರು ಹೇಳಿದ್ದು ನಮ್ಮ ಕಡಲಿನ ಹಳೇ ದೋಣಿಗಳ ಬಗ್ಗೆ. ಪಶ್ಚಿಮ ಕರಾವಳಿಯಲ್ಲಿ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಮಾಡ್ತಿದ್ದರು. ಸಂದಿಗೆ ನಾರು, ಮೇಲೆ ಮರದ ಅಂಟು, ಮೀನೆಣ್ಣೆ. ಅರಬ್ಬರು, ಪೋರ್ಚುಗೀಸರು ಬರೆದಿಟ್ಟ ಹಳೇ ಪ್ರವಾಸ ಕಥನಗಳಲ್ಲೆಲ್ಲ ಈ ಮೊಳೆಯಿಲ್ಲದ ದೋಣಿಗಳ ಮಾತು ಬರುತ್ತೆ. ಅಪ್ಪ ಚಿಕ್ಕವರಿದ್ದಾಗ ಒಂದೇ ಮರ ಕೊರೆದ ಪಾತಿ ದೋಣಿ ಜಾಸ್ತಿ, ಹೊಲಿದದ್ದು ಕಡಿಮೆ. ಆದರೂ ಹಿರಿಯರ ಬಾಯಲ್ಲಿ ಮಾತು ಇತ್ತು.

ಇದನ್ನು ಕಾಕತಾಳೀಯ ಅನ್ನಿ, ಏನಾದರೂ ಅನ್ನಿ, ಅದೇ ವಾರ ಅಪ್ಪನ ವಾಟ್ಸಾಪಿಗೆ ಊರಿನಿಂದ ಒಂದು ವಿಡಿಯೋ ಬಂತು. ಮೇ 21, 2025. ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿದ ಸುದ್ದಿ. ಅಜಂತಾದ ಗೋಡೆಯ ಮೇಲಿನ ಐದನೇ ಶತಮಾನದ ಚಿತ್ರವೊಂದನ್ನು ನೋಡಿಕೊಂಡು, ಕೇರಳದ ಬಾಬು ಶಂಕರನ್ ಮತ್ತವರ ಬಡಗಿಗಳ ತಂಡ ತೆಂಗಿನ ನಾರಿನಿಂದ ಹೊಲಿದು ಕಟ್ಟಿದ ಹಡಗು ಅದು. ಕಟ್ಟಿದ್ದು ಗೋವಾದಲ್ಲಿ. ಎಲ್ಲಕ್ಕಿಂತ ನಮಗಿಬ್ಬರಿಗೂ ಖುಷಿ ಕೊಟ್ಟದ್ದು ಹಾಯಿಯ ಮೇಲಿದ್ದ ಗಂಡಭೇರುಂಡ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡಿದ ಹಕ್ಕಿ ಸಮುದ್ರದ ಮೇಲೆ! ಅಪ್ಪ ಆ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ಹೊಲಿಗೆ ಕಾಣುವ ಜಾಗವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ನಮ್ಮ ತಂತಿಗಳ ಕಡೆ ನೋಡಿ, "ನಿನ್ನಮ್ಮ ಇದ್ದಿದ್ರೆ ಹೊಲ್ಗಿ ಇನ್ನೂ ಲಾಯ್ಕ್ ಆತಿತ್ತ್" ಅಂದರು. ಅಮ್ಮ ಉಷಾ ಮೆಷಿನ್ ತುಳಿದು ಕೇರಿಯ ಅರ್ಧ ಜನಕ್ಕೆ ರವಿಕೆ ಹೊಲಿದವರು. ಬಂದ ಮೇಲೆ ಅಪ್ಪ ಅವರ ಸುದ್ದಿ ತಾವಾಗಿ ಎತ್ತಿದ್ದು ಅದೇ ಮೊದಲು.

ಒಂದು ವ್ಯತ್ಯಾಸ ಇದೆ, ಹೇಳಿಬಿಡಬೇಕು. ಕೌಂಡಿನ್ಯದಲ್ಲಿ ಹೊಲಿಗೆಯೇ ಹಡಗನ್ನು ಹಿಡಿದಿರುತ್ತೆ. ನಮ್ಮದರಲ್ಲಿ ತಂತಿ ಬರೀ ಟಾಕಿ, ಟೈಲರ್ ಬಿಳಿ ದಾರದಲ್ಲಿ ಹಾಕ್ತಾನಲ್ಲ, ಹಾಗೆ. ದೋಣಿಯನ್ನು ನಿಜವಾಗಿ ಹಿಡಿಯೋದು ಎಪಾಕ್ಸಿ. ಕೆಲಸದಲ್ಲಿ ಮುಕ್ಕಾಲು ಪಾಲು ಹೊತ್ತು ಹೋಗೋದೂ ಅಲ್ಲೇ.

ಮನೆಯಲ್ಲಿ ಅರಾಲ್ಡೈಟ್ ಬಳಸಿದವರಿಗೆ ಎಪಾಕ್ಸಿ ಪರಿಚಯವೇ. ಎರಡು ಟ್ಯೂಬು, ಸಮ ಕಲಸು, ಬೇಗ ಅಂಟಿಸು. ಇಲ್ಲಿ ಟ್ಯೂಬಿನ ಬದಲು ಕ್ಯಾನು. ನಮ್ಮದು ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡ್‌ನರ್. ಅಂದಾಜಿನ ಮೇಲೆ ಹಾಕುವ ಹಾಗಿಲ್ಲ, ಹಾರ್ಡ್‌ನರ್ ಜಾಸ್ತಿ ಸುರಿದರೆ ಬೇಗ ಗಟ್ಟಿಯಾಗುತ್ತೆ ಅನ್ನೋದು ಸುಳ್ಳು, ಅಳತೆ ತಪ್ಪಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗೋದಿಲ್ಲ. ಕಲಸಿದ ತಕ್ಷಣ ಗಡಿಯಾರ ಶುರು, ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಆಳದ ಲೋಟದಲ್ಲಿ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆ ಬರುತ್ತೆ, ಅದಕ್ಕೇ ಅಗಲದ ತಟ್ಟೆಗೆ ಸುರಿಯೋದು. ಇದಕ್ಕೆ ನುಣ್ಣನೆ ಮರದ ಹುಡಿ ಬೆರೆಸಿದರೆ ಗಟ್ಟಿ ಚಟ್ನಿಯಂತಾಗುತ್ತೆ. ಹಲಗೆ ಹಲಗೆ ಸೇರುವ ಮೂಲೆಯಲ್ಲಿ ಅದನ್ನು ತುಂಬಿ ಚಮಚದ ಬೆನ್ನಿನಿಂದ ಸವರುತ್ತಾ ಹೋಗಬೇಕು. ಅದು ಗಟ್ಟಿಯಾದ ಮೇಲೆ ತಂತಿ ಕತ್ತರಿಸಿ ತೆಗೆದು, ಮೂಲೆಯ ಮೇಲೆ ಫೈಬರ್ ಗ್ಲಾಸ್ ಪಟ್ಟಿ ಅಂಟಿಸಿದರೆ ಆ ಜಾಗ ಸುತ್ತಲಿನ ಮರಕ್ಕಿಂತ ಗಟ್ಟಿ.

ಯಾವ ಪುಸ್ತಕವೂ ಹೇಳದ ವಿಷಯ ಒಂದಿದೆ. ಎಪಾಕ್ಸಿ ಕೆಲಸ ಮಾಡುವಾಗ ಫೋನ್ ಮುಟ್ಟೋಕಾಗಲ್ಲ. ಎರಡೂ ಕೈಗೆ ಗ್ಲೌಸ್, ಗ್ಲೌಸ್ ತುಂಬ ಅಂಟು. ಸ್ಲ್ಯಾಕ್ ಟಿಂಗ್ ಅನ್ನುತ್ತೆ, ಅನ್ನಲಿ. ಆನ್‌ಕಾಲ್ ಇರುವ ವಾರ ನಾನು ಲೋಟ ಕಲಸೋಕೇ ಕೂರ್ತಿರಲಿಲ್ಲ. ಮಿಕ್ಕ ವಾರಗಳಲ್ಲಿ ಸಂಜೆ ಆರೂವರೆಗೆ ಒಂದು ಲೋಟ, ಏಳಕ್ಕೆ ಇನ್ನೊಂದು. ಇಪ್ಪತ್ತು ನಿಮಿಷ ಎದ್ದು ಹೋಗುವ ಹಾಗಿಲ್ಲ, ಫೋನ್ ನೋಡುವ ಹಾಗಿಲ್ಲ, ಎದುರಿಗೆ ಅಪ್ಪ. ಹದಿನೈದು ವರ್ಷದಿಂದ ನಾವಿಬ್ಬರೂ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಊಟ ಆಯ್ತಾ, ಮಳೆ ಬಂತಾ ಅಂತ ಮಾತಾಡಿಕೊಂಡವರು. ದೋಣಿಯ ಒಳಗೆ ತಲೆ ಬಗ್ಗಿಸಿಕೊಂಡಿದ್ದಾಗ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದ್ದರಿಂದಲೋ ಏನೋ, ಬೇರೆ ಮಾತು ಬಂತು.

ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೊಳೆ ದಾಟುವ ದೋಣಿ ಹತ್ತಿದ್ದರಂತೆ. ಆ ಜಾಗ ನೋಡಿದವರಿಗೆ ಗೊತ್ತು, ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಸಮುದ್ರಕ್ಕೆ ಬೀಳುವ ಅಳಿವೆ. ಈ ದಡದಲ್ಲಿ ಗಂಗೊಳ್ಳಿ, ಆ ದಡದಲ್ಲಿ ಕುಂದಾಪುರ, ಕೂಗಿದರೆ ಕೇಳಬೇಕು ಅನ್ನುವಷ್ಟು ಹತ್ತಿರ. ರಸ್ತೆಯಲ್ಲಿ ಹೋದರೆ ಮಾತ್ರ ತ್ರಾಸಿಗೆ ಹೋಗಿ ಹೆದ್ದಾರಿ ಹಿಡಿದು ದೊಡ್ಡ ಸುತ್ತು. ಅಪ್ಪ ಕಾಲೇಜಿಗೆ ವರ್ಷಗಟ್ಟಲೆ ದೋಣಿಯಲ್ಲೇ ಹೋದವರು. ಅಮ್ಮ ಘಟ್ಟದ ಮೇಲಿನವರು. ಅಳಿವೆಯ ಮಧ್ಯೆ ಒಂದು ತೆರೆ ಬಂದು ದೋಣಿ ಎತ್ತಿ ಇಳಿಸಿದ್ದಷ್ಟೇ, ಅಮ್ಮ ಅಪ್ಪನ ಕೈ ಗಟ್ಟಿ ಹಿಡಿದು ಕಣ್ಣು ಮುಚ್ಚಿದವರು ದಡ ಮುಟ್ಟುವವರೆಗೆ ಬಿಡಲಿಲ್ಲ. ಆಮೇಲೆ ಜೀವಮಾನವಿಡೀ ತ್ರಾಸಿ ಬಸ್ಸು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ. ಅಪ್ಪನೂ ಜೊತೆಗೆ ಬಸ್ಸೇ. "ನಾನ್ ದೋಣಿ ಹತ್ತದ್ದೇ ನಲ್ವತ್ತೈದ್ ವರ್ಷ ಆಯ್ತ್" ಅಂದರು, ಚಮಚ ಸವರುತ್ತಾ. ನನಗಿದು ಗೊತ್ತೇ ಇರಲಿಲ್ಲ. ನನ್ನ ಬಾಲ್ಯದಲ್ಲಿ ನಾವು ಯಾಕೆ ಯಾವಾಗಲೂ ಬಸ್ಸಿನಲ್ಲಿ ಹೋಗ್ತಿದ್ದೆವು ಅಂತ ಕೇಳಬೇಕು ಅಂತಲೂ ಅನಿಸಿರಲಿಲ್ಲ.

ಇಲ್ಲೇ ಇದ್ದುಬಿಡಿ ಅನ್ನೋ ಮಾತನ್ನೂ ನಾನು ಒಂದು ಲೋಟದ ಮೇಲೇ ಎತ್ತಿದೆ, ಜುಲೈನಲ್ಲಿ. ಸದ್ಯಕ್ಕೆ ಆರು ತಿಂಗಳು ಮುಂದುವರಿಸೋಕೆ ಅರ್ಜಿ ಹಾಕಬಹುದು ಅಂದೆ. ಅಪ್ಪ ಪಟ್ಟಿಯನ್ನು ನೆಟ್ಟಗೆ ಮಾಡ್ತಾ ಬಹಳ ಹೊತ್ತು ಸುಮ್ಮನಿದ್ದು, "ಮನಿ ಬಾಗ್ಲ್ ಹಾಕಿ ಎಷ್ಟ್ ದಿನ ಆಯ್ತ್?" ಅಂದರು. ಆಮೇಲೆ ತೆಂಗಿನಕಾಯಿ ಬಿದ್ದು ಎಷ್ಟು ಹಂಚು ಒಡೆದಿರಬಹುದು, ಬಾವಿಕಟ್ಟೆಯ ಪಾಚಿ, ಅಮ್ಮನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುವವರಿಲ್ಲ ಅನ್ನೋದು. ಒಂದೊಂದೂ ಸಣ್ಣ ಸಂಗತಿ. ನಾನು ವಾದ ಮಾಡಬಹುದಿತ್ತು, ಹಂಚು ಹೊದಿಸೋಕೆ ಯಾರಿಗಾದರೂ ದುಡ್ಡು ಕಳಿಸಬಹುದು ಅಂತ. ಲೋಟದಲ್ಲಿ ಐದು ನಿಮಿಷದ ಎಪಾಕ್ಸಿ ಉಳಿದಿತ್ತು. ಅದನ್ನು ಮುಗಿಸಿದೆವು.

ಅಂದಿನಿಂದ ಅಕ್ಟೋಬರ್ 11 ನಿಜವಾದ ತಾರೀಕಾಯಿತು.

ಗ್ಲೌಸಿನ ವಿಷಯ ಗಂಭೀರವಾಗಿ ಹೇಳಬೇಕು, ಯಾರಾದರೂ ಇದನ್ನು ಓದಿ ಕಿಟ್ ತರಿಸಿದರೆ ಅಂತ. ಎಪಾಕ್ಸಿ ಚರ್ಮಕ್ಕೆ ತಾಗ್ತಾ ತಾಗ್ತಾ ಒಂದು ದಿನ ಅಲರ್ಜಿ ಶುರುವಾಗಬಹುದು, ಶುರುವಾದರೆ ಅದು ಹೋಗೋದಿಲ್ಲ. ಆಮೇಲೆ ಡಬ್ಬದ ಮುಚ್ಚಳ ತೆಗೆದರೂ ತುರಿಕೆ. ಕೈ ತೊಳೆಯೋಕೆ ಥಿನ್ನರ್ ಬಳಸಲೇಬಾರದು, ಅದು ವಿಷವನ್ನು ಇನ್ನೂ ಒಳಗೆ ಕಳಿಸುತ್ತೆ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯನ್ನು ಉಜ್ಜಬಾರದು, ಉಜ್ಜುವಾಗ ಬಟ್ಟೆ ಮಾಸ್ಕ್ ಸಾಲದು, ಫಿಲ್ಟರ್ ಇರುವ ರೆಸ್ಪಿರೇಟರೇ ಬೇಕು. ನಾನು ಇದನ್ನೆಲ್ಲ ಅಪ್ಪನಿಗೆ ಹೇಳಿ ಒಪ್ಪಿಸೋದು ಹೇಗಪ್ಪಾ ಅಂತ ಯೋಚಿಸ್ತಿದ್ದರೆ, ಅವರು ಗ್ಲೌಸ್ ಹಾಕಿಕೊಂಡೇ ನಿಂತಿದ್ದರು. "ಗೇರೆಣ್ಣಿ ಕಂಡವ್ನಿಗೆ ನೀನ್ ಹೇಳುದ್ ಬ್ಯಾಡ." ಕರಾವಳಿಯಲ್ಲಿ ದೋಣಿಗೆ ಹುಳ ಹಿಡಿಯದಿರಲಿ ಅಂತ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯೋದು ಹಳೇ ಪದ್ಧತಿ, ಅದು ಕೈಗೆ ತಾಗಿದರೆ ಚರ್ಮ ಸುಲಿದು ಬರುತ್ತೆ. ಆಮೇಲೆ ಓದಿ ನೋಡಿದರೆ ಇನ್ನೊಂದು ಮಜಾ. ಹಡಗುಗಳಿಗೆ ಬಳಿಯುವ ಎಪಾಕ್ಸಿ ಬಣ್ಣಗಳ ಪೈಕಿ ಕೆಲವಕ್ಕೆ ಹಾರ್ಡ್‌ನರ್ ತಯಾರಿಸೋದೇ ಇದೇ ಗೇರುಸಿಪ್ಪೆಯ ಎಣ್ಣೆಯಿಂದ. ಫಿನಾಲ್ಕಮೈನ್ ಅಂತ ಹೆಸರು.

ಹೊರಮೈಗೆ ಗ್ಲಾಸ್ ಬಟ್ಟೆ ಹೊದಿಸುವ ದಿನ ಮಗಳೂ ಬಂದಳು. ಬಿಳಿ ಪಂಚೆಯಂಥ ಬಟ್ಟೆ ದೋಣಿಯ ಮೇಲೆ ಹಾಸಿ, ನಡುವೆ ತೆಳು ಎಪಾಕ್ಸಿ ಸುರಿದು ರಬ್ಬರ್ ಪಟ್ಟಿಯಿಂದ ಅಂಚಿಗೆ ತಳ್ಳುತ್ತಾ ಹೋಗಬೇಕು. ಎಣ್ಣೆ ಬಿದ್ದ ಕಾಗದದ ಹಾಗೆ ಬಟ್ಟೆ ಪಾರದರ್ಶಕವಾಗಿ ಕಾಣದಾಗುತ್ತೆ, ಕೆಳಗಿನ ಮರ ಇದ್ದಕ್ಕಿದ್ದಂತೆ ಜೇನಿನ ಬಣ್ಣಕ್ಕೆ ತಿರುಗುತ್ತೆ. ಬಟ್ಟೆ ಎಲ್ಲಿ ಹೋಯಿತು ಅಂತ ಮಗಳು ಮೂರು ಸಲ ಕೇಳಿದಳು.

ಆಮೇಲಿನದು ಉಜ್ಜೋದು. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ. 80, 120, 220 ನಂಬರಿನ ಪೇಪರ್, ಧೂಳು, ಮತ್ತೆ ಕೋಟು, ಮತ್ತೆ ಉಜ್ಜು. ಆಗಸ್ಟ್ ಪೂರ್ತಿ ಅದೇ. ಎಪಾಕ್ಸಿಗೆ ಬಿಸಿಲು ಆಗಿಬರಲ್ಲ, ವರ್ಷ ಎರಡು ವರ್ಷದಲ್ಲಿ ಪುಡಿಯಾಗುತ್ತೆ, ಅದಕ್ಕೇ ಮೇಲೆ ಪೇಂಟು ಅಥವಾ ಬಿಸಿಲು ತಡೆಯುವ ವಾರ್ನಿಷ್ ಬೇಕೇ ಬೇಕು. ಹೊರಗೆ ನೀಲಿ ಬಣ್ಣ, ಒಳಗೆ ವಾರ್ನಿಷ್ ಅಂತ ನಿರ್ಧಾರವಾಯಿತು. ಅಂಚಿಗೆ ಪಟ್ಟಿ ಅಂಟಿಸುವಾಗ ಮನೆಯಲ್ಲಿದ್ದ ಎಲ್ಲ ಕ್ಲ್ಯಾಂಪು ಮುಗಿದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳೂ ಬಂದವು. ಅವು ಉಪಯೋಗಕ್ಕೆ ಬರಲ್ಲ ಬಿಡಿ.

ನನ್ನ ನೋಟ್‌ಬುಕ್ಕಿನ ಲೆಕ್ಕದಲ್ಲಿ ಒಟ್ಟು 96 ಗಂಟೆ. ಕಿಟ್, ಎಪಾಕ್ಸಿ, ಬಣ್ಣ, ಹುಟ್ಟು, ಪೇಪರು ಎಲ್ಲ ಸೇರಿ ಎರಡು ಸಾವಿರ ಡಾಲರಿನ ಹತ್ತಿರ. ಅದರ ಕಾಲು ಭಾಗಕ್ಕೆ ಸೆಕೆಂಡ್‌ಹ್ಯಾಂಡ್ ಪ್ಲಾಸ್ಟಿಕ್ ಕಯಾಕ್ ಸಿಗುತ್ತೆ, ಇವತ್ತೇ ನೀರಿಗೆ ಹಾಕಬಹುದು. ನೀರಿನ ಮೇಲೆ ಹೋಗಬೇಕು ಅಷ್ಟೇ ಅನ್ನೋರು ಅದನ್ನೇ ತಗೊಳ್ಳಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಟ್ಟಬಹುದಾ ಅಂತ ಬೆಂಗಳೂರಿನ ಗೆಳೆಯ ಕೇಳಿದ. ಬೇಡ. ವಾಸನೆ, ಧೂಳು, ಆಮೇಲೆ ಲಿಫ್ಟು. ನನ್ನ ಕಣ್ಣಲ್ಲಿ ಕಿಟ್ ಅನ್ನೋದು ಮೋಸವೂ ಅಲ್ಲ. ಕಷ್ಟದ ಯೋಚನೆ ಬೇರೆಯವರು ಮಾಡಿಕೊಟ್ಟಿರ್ತಾರೆ ನಿಜ, ನಿಮಗೆ ಬಿಟ್ಟಿರೋದು ಹೊಲಿಯೋದು ಮತ್ತು ಕಾಯೋದು. ಕಾಯೋದರಲ್ಲಿ ಶಾರ್ಟ್‌ಕಟ್ ಕೊಡುವ ಕಿಟ್ ಇನ್ನೂ ಯಾರೂ ಮಾಡಿಲ್ಲ.

ಹೆಸರಿಡುವ ಮಾತು ಬಂದಾಗ ನನ್ನ ಹೆಂಡತಿ ಅಮ್ಮನ ಹೆಸರು ಇಡೋಣ ಅಂದಳು. ಅಪ್ಪ ತಕ್ಷಣ ಬೇಡ ಅಂದರು. ನೀರು ಕಂಡರೆ ಹೆದರ್ತಿದ್ದವಳ ಹೆಸರನ್ನು ದೋಣಿಗೆ ಬರೆದು ಅವಳನ್ನು ದಿನಾ ನೀರಿಗಿಳಿಸೋದಾ? ಎರಡು ದಿನ ಬಿಟ್ಟು, ಬ್ಯಾಂಕಿನ ಲೆಡ್ಜರ್ ಬರೆದ ಅದೇ ದುಂಡಗಿನ ಅಕ್ಷರದಲ್ಲಿ, ಹಿಂದಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಅವರೇ ಬರೆದರು. "ತ್ರಾಸಿ ಬಸ್ಸು."

ಸೆಪ್ಟೆಂಬರ್ ಕೊನೆಯ ಶನಿವಾರ ಅನಾಪೊಲಿಸ್‌ನ ಟ್ರಕ್ಸ್‌ಟನ್ ಪಾರ್ಕಿಗೆ ಹೋದೆವು. ಸ್ಪಾ ಕ್ರೀಕ್ ಅನ್ನೋ ಕಿರುಹೊಳೆಗೆ ಅಲ್ಲಿ ದೋಣಿ ಇಳಿಸುವ ಇಳಿಜಾರಿದೆ, ಗಾಳಿ ಕಡಿಮೆ, ನೀರು ಕೆರೆಯಂತೆ. ಮೋಟಾರಿಲ್ಲದ ದೋಣಿಗೆ ಇಲ್ಲಿ ರಿಜಿಸ್ಟ್ರೇಷನ್ ಬೇಕಿಲ್ಲ, ಆದರೆ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು, 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟೇ ಇರಬೇಕು. ನಮ್ಮ ಮನೆಯ ನಿಯಮ ಎಲ್ಲರೂ ತೊಡಬೇಕು. ಅಪ್ಪ ಒಂದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ ತಂದಿದ್ದರು. ಕಾಯಿ ಒಡೆದದ್ದು ಪಾರ್ಕಿಂಗಿನ ಕಲ್ಲಿನ ಅಂಚಿಗೆ. ಪಕ್ಕದಲ್ಲಿ ದೊಡ್ಡ ಮೋಟಾರ್ ಬೋಟ್ ಇಳಿಸ್ತಿದ್ದ ಒಬ್ಬರು ಹೆಸರಿನ ಅರ್ಥ ಕೇಳಿದರು. ಬಸ್ಸು ಅಂದೆ. ಅವರು ನಕ್ಕು, ಬಹಳ ಸಣ್ಣ ಬಸ್ಸು ಅಂದರು.

ಅಪ್ಪ ನಡುವಿನ ಸೀಟಿನಲ್ಲಿ ಕೂತು ಹುಟ್ಟು ಹಿಡಿದರು. ಇಲ್ಲಿಯ ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ಎರಡು ಹುಟ್ಟು ಎಳೆಯೋದು, ನಮ್ಮ ಅಂಬಿಗರು ಮುಂದೆ ನೋಡಿಕೊಂಡು ಹೋಗುವವರು. "ಹೋಪ ಬದಿಗೆ ಬೆನ್ ಹಾಕ್ಕಂಡ್ ಹೋಪುದ್ ಎಂತ ಕ್ರಮ ಮಾರಾಯ?" ಅಂತ ಬೈದುಕೊಳ್ಳುತ್ತಲೇ ಹತ್ತು ಎಳೆತದೊಳಗೆ ಲಯ ಹಿಡಿದರು. ಮೊಂಡು ಮೂಗಿನ ದೋಣಿ ಒಂದೊಂದು ಎಳೆತಕ್ಕೂ ಆಚೆ ಈಚೆ ತಲೆಯಾಡಿಸುತ್ತೆ, ನೇರ ಹೋಗೋದು ಕಷ್ಟ. ಒಂದು ಹನಿ ನೀರು ಒಳಗೆ ಬರಲಿಲ್ಲ. ನಾನು ದಡದಲ್ಲಿದ್ದೆ. ಮಗಳು ಅಪ್ಪನ ಎದುರಿಗೆ, ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ, ಎಡಕ್ಕೆ ಬಲಕ್ಕೆ ಅಂತ ಕಂಡಕ್ಟರ್ ಕೆಲಸ ಮಾಡ್ತಿದ್ದಳು. ಸೇತುವೆಯವರೆಗೆ ಹೋಗಿ ತಿರುಗಿದರು. ಬರುವಾಗ ಅಪ್ಪ ಸ್ವಲ್ಪ ಹೊತ್ತು ಹುಟ್ಟು ಎತ್ತಿಟ್ಟು ಸುಮ್ಮನೆ ಕೂತದ್ದು ಕಾಣ್ತಿತ್ತು. ನಾನು ಕರೆಯಲಿಲ್ಲ.

ಆಮೇಲೆ ಇನ್ನೆರಡು ಸಲ ಹೋದೆವು. ಅಕ್ಟೋಬರ್ 11ಕ್ಕೆ ಅಪ್ಪ ಹೊರಟರು. ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟು, ಉಳಿದಿದ್ದ ಒಂದು ಸುರುಳಿ ತಾಮ್ರದ ತಂತಿ. ಬಾವಿಯ ಬಲೆಗೆ ಆಗುತ್ತಂತೆ. ಡಿಸೆಂಬರ್ ಕೊನೆಗೆ ಕೌಂಡಿನ್ಯ ಪೋರ್‌ಬಂದರಿನಿಂದ ಮಸ್ಕತ್‌ಗೆ ಹೊರಟಾಗ ದಿನಾ ಅದರ ಸುದ್ದಿ ಅವರೇ ಕಳಿಸ್ತಿದ್ದರು, ಜನವರಿಯಲ್ಲಿ ಅದು ತಲುಪಿದ ದಿನ ಬೆಳಿಗ್ಗೆ ನನಗೆ ಒಟ್ಟಿಗೆ ಆರು ಮೆಸೇಜು. ಊರಲ್ಲಿ ಹನ್ನೊಂದು ಹಂಚು ಒಡೆದಿತ್ತು, ಹಾಕಿಸಿದ್ದಾರೆ. ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದಾರೆ.

ದೋಣಿ ಈಗ ಗ್ಯಾರೇಜಿನಲ್ಲಿ ಎರಡು ಮರದ ಕುದುರೆಗಳ ಮೇಲೆ ಬೋರಲು ಮಲಗಿದೆ, ಕಾರು ಹೊರಗೆ ಹಿಮದಲ್ಲಿ. ಹುಟ್ಟು ಉಜ್ಜುವ ಜಾಗದಲ್ಲಿ ವಾರ್ನಿಷ್ ಆಗಲೇ ಸವೆದಿದೆ, ಏಪ್ರಿಲ್‌ನಲ್ಲಿ ಚಳಿ ಬಿಟ್ಟ ಮೇಲೆ ಇನ್ನೆರಡು ಕೋಟು ಬೇಕು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪ ಊಟ ಆಯ್ತಾ ಅಂತ ಕೇಳಲಿಲ್ಲ, ಕ್ಯಾಮೆರಾ ಗ್ಯಾರೇಜಿಗೆ ಒಯ್ಯಿ ಅಂದರು. ತಳ ನೋಡಿದರು, ಅಂಚು ನೋಡಿದರು. 220 ನಂಬರಿನ ಪೇಪರ್ ತಂದಿಟ್ಟಿದ್ದೀಯಾ ಅಂತ ಕೇಳಿದರು.

ತಂದಿಟ್ಟಿದ್ದೇನೆ.